ಪಟ್ಟಿಯ ತುದಿಯಲ್ಲೊಂದು ಹೊಲ

ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಹಿಂದಿನ ಗೋಡೆಗೆ, ಏಳು ಗೂಟಗಳಿದ್ದವು. ಒಮ್ಮೆ ಅವು ಆರಾದದ್ದಕ್ಕೆ ಹೊಣೆ ನಾನೇ. ಆ ಕಥೆ ಹೇಳಲೆಂದೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ. ಜಾಲಿಯ ಕಟ್ಟಿಗೆಯಲ್ಲಿ ಅಪ್ಪ ತಾನೇ ಕೆತ್ತಿ, ನುಣುಪು ಮಾಡಿ, ಒಂದೊಂದರ ನಡುವೆ ಒಂದು ಗೇಣು ಬಿಟ್ಟು ಹೊಡೆದ ಗೂಟಗಳವು. ಮೊದಲನೆಯದರಲ್ಲಿ ಅಪ್ಪನ ಕೋಟು. ಅಪ್ಪ ಹೋಗಿ ವರ್ಷಗಳಾದರೂ ಕೋಟು ಅಲ್ಲೇ ಇದೆ. ಎರಡನೆಯದು ಟೀಚರಾಗಿ ನಿವೃತ್ತಳಾದ ಅವ್ವನ ಕೈಚೀಲಕ್ಕೆ, ಮೂರನೆಯದು ಕೊಡೆಗೆ, ನಾಲ್ಕನೆಯದು ನನ್ನ ಕಚೇರಿಯ ಬ್ಯಾಗಿಗೆ, ಐದನೆಯದು ನಮ್ಮ ಯಜಮಾನರ ಹೆಲ್ಮೆಟ್ಟಿಗೆ, ಆರನೆಯದು ಸಂತೆಯ ಚೀಲಕ್ಕೆ. ಏಳನೆಯದು ಮಾತ್ರ ಯಾರದೂ ಅಲ್ಲ. ಯಾರೋ ಬಂದವರ ಟವೆಲ್ಲು ಅಲ್ಲಿ ಒಂದು ತಾಸು ತೂಗಾಡಿ ಅವರೊಂದಿಗೇ ಎದ್ದು ಹೋಗುತ್ತಿತ್ತು, ಉಳಿದ ದಿನವೆಲ್ಲ ಅದು ಬರಿಗೂಟ.

ಕಳೆದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ನಾನು ಆ ಏಳನೆಯದನ್ನು ಕೀಳಿಸಿ, ತೂತಿಗೆ ಪುಟ್ಟಿ ತುಂಬಿಸಿ, ಮೇಲೆ ಬಣ್ಣ ಬಳಿಸಿಬಿಟ್ಟೆ. ಗೋಡೆ ಎಷ್ಟು ಲಕ್ಷಣವಾಗಿ ಕಂಡಿತೆಂದರೆ ನಾನೇ ಎರಡು ಸಲ ಹಿಂದೆ ಸರಿದು ನೋಡಿದೆ. ಅವ್ವ ಬುದ್ಧವಂದನೆ ಮುಗಿಸಿ ಪಡಸಾಲೆಗೆ ಬಂದವಳು ಗೋಡೆಯನ್ನೂ ನನ್ನನ್ನೂ ನೋಡಿ, “ಖಾಲಿ ಇತ್ತು, ಖರೇ. ಖಾಲಿ ಇದ್ರ ನಿನಗೇನ್ ತ್ರಾಸ ಆಗಿತ್ತು?” ಎಂದಳು. ಕೆಲಸಕ್ಕೆ ಬಾರದ್ದು ಗೋಡೆಯ ಮೇಲೆ ಯಾಕಿರಬೇಕೆಂದು ನಾನು ಕೇಳಿದೆ. ಅವ್ವ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಯಾವ ಉತ್ತರಕ್ಕೆ ಮರುಪ್ರಶ್ನೆ ಹಾಕಬೇಕು, ಯಾವುದನ್ನು ವರ್ಷದ ಕೊನೆಯ ಪರೀಕ್ಷೆಗೆ ಬಿಡಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಒಳಗೆ ಹೋದಳು.

ನನ್ನ ಕಸುಬೂ ಒಂದು ರೀತಿಯಲ್ಲಿ ಗೂಟ ಹೊಡೆಯುವುದೇ. ಬೆಳಗಿನ ಬಸ್ಸು ಹಿಡಿದು ನಾನು ದಿನವೂ ಬೀದರಿಗೆ ಹೋಗುತ್ತೇನೆ. ದನಕರು, ಕುರಿ, ಆಡು ಸಾಕಿದವರ ಬಳಿಗೇ ಡಾಕ್ಟರನ್ನೂ ಔಷಧವನ್ನೂ ವ್ಯಾನಿನಲ್ಲಿ ಕಳಿಸುವ ಒಂದು ಸಣ್ಣ ಸಂಸ್ಥೆ ನಮ್ಮದು. ಬೀದರಿಗೊಂದು, ಭಾಲ್ಕಿಗೊಂದು, ಔರಾದಿಗೊಂದು ವ್ಯಾನು. ಪ್ರಾಣಿ ಕಾಯಿಲೆ ಬಿದ್ದರೆ ಮೊಬೈಲಿನಲ್ಲಿ ನಮ್ಮ ಫಾರಂ ತೆರೆದು ತುಂಬಬೇಕು, ಅದು ನಮ್ಮ ಸರ್ವಿಸ್ ಡೆಸ್ಕಿಗೆ ಬಂದು ಬೀಳುತ್ತದೆ, ಅಲ್ಲಿಂದ ತಾನಾಗಿಯೇ ಆಯಾ ತಾಲೂಕಿನ ವ್ಯಾನಿಗೆ ಹೋಗುತ್ತದೆ. ಆ ಫಾರಮ್ಮಿನ ಯಜಮಾನಿ ನಾನು. ಅದರಲ್ಲಿ ತಾಲೂಕು, ಊರು, ಪ್ರಾಣಿ, ಕಾಯಿಲೆ ಎಂದು ನಾಲ್ಕು ಚೌಕಗಳಿವೆ. ಚೌಕದ ಮೂಲೆಯಲ್ಲಿರುವ ಪುಟ್ಟ ಬಾಣವನ್ನು ಮುಟ್ಟಿದರೆ ಮಡಿಚಿಟ್ಟ ಸೀರೆಯ ಹಾಗೆ ಒಂದು ಪಟ್ಟಿ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ತುಂಬುವವರು ಅದರಲ್ಲಿ ಒಂದನ್ನು ಮುಟ್ಟಿ ಆರಿಸಬೇಕು. ಡ್ರಾಪ್‌ಡೌನ್ ಅನ್ನುತ್ತಾರೆ ಅದಕ್ಕೆ. ಆ ಪಟ್ಟಿಗೆ ಹೊಸ ಹೆಸರು ಸೇರಿಸುವುದು, ಹಳೆಯದನ್ನು ತಿದ್ದುವುದು, ಮೇಲಿನದನ್ನು ಕೆಳಗೆ ತರುವುದು, ಬೇಡವಾದದ್ದನ್ನು ಅಳಿಸುವುದು ನನ್ನ ದಿನನಿತ್ಯದ ಕೆಲಸ.

ಇದೇನು ಮಹಾ ಕೆಲಸವೆಂದು ನಗಬೇಡಿ. ಮನುಷ್ಯರನ್ನು ‘ಏನು ಬೇಕು’ ಎಂದು ಕೇಳಿ ನೋಡಿ, ಉತ್ತರ ಹುಟ್ಟುವುದಿಲ್ಲ. ಇವತ್ತು ಏನು ಅಡುಗೆ ಮಾಡಲಿ ಎಂದು ನಮ್ಮ ಯಜಮಾನರನ್ನು ಕೇಳಿದರೆ ಮದುವೆಯಾದ ದಿನದಿಂದ ಒಂದೇ ಉತ್ತರ: “ಏನರೆ ಮಾಡು.” ಮಾಡಿ ಬಡಿಸಿದ ಮೇಲೆ ‘ಇದಾ?’ ಎಂಬಂತೆ ತಾಟು ನೋಡುವುದೂ ಅಷ್ಟೇ ಹಳೆಯದು. ಅದೇ ಪುಂಡಿಪಲ್ಯವೋ ಬದನೆಕಾಯಿಯೋ ಎಂದು ಕೇಳಿ, ಥಟ್ಟನೆ ಬದನೆಕಾಯಿ ಎನ್ನುತ್ತಾರೆ. ಆರಿಸುವವನು ತಾನೇ ದೊರೆಯೆಂದು ತಿಳಿದಿರುತ್ತಾನೆ. ಪಟ್ಟಿ ಮಾಡಿದವಳು ಒಲೆಯ ಮುಂದೆ ನಿಂತು ಮನಸ್ಸಿನಲ್ಲೇ ನಗುತ್ತಿರುತ್ತಾಳೆ. ಆರಿಸುವ ಸ್ವಾತಂತ್ರ್ಯಕ್ಕಿಂತ ಪಟ್ಟಿ ಮಾಡುವ ಅಧಿಕಾರ ದೊಡ್ಡದು, ಮತ್ತು ಸದ್ದಿಲ್ಲದ್ದು. ಆ ಅಧಿಕಾರ ನನಗೆ ಇಷ್ಟ. ಮುಚ್ಚಿಟ್ಟುಕೊಳ್ಳುವುದರಲ್ಲಿ ಏನಿದೆ, ನಾನದರಲ್ಲಿ ನಿಪುಣಳೂ ಹೌದು.

ಒಂದು ಉದಾಹರಣೆ ಹೇಳಿಬಿಡುತ್ತೇನೆ. ನಾನು ಈ ಕುರ್ಚಿಗೆ ಬಂದಾಗ ಔರಾದಿನ ದನಕರುಗಳಿಗೆ ಯಾರ ಕಣ್ಣು ತಾಕಿದೆಯೋ ಎನ್ನುವ ಹಾಗಿತ್ತು ನಮ್ಮ ವರದಿ. ಕಾಯಿಲೆಯೆಲ್ಲ ಅಲ್ಲೇ. ಔರಾದಿಗೆ ಇನ್ನೊಂದು ವ್ಯಾನು ಬೇಕೇ ಎಂದು ಎರಡು ಸಭೆ ನಡೆದು, ಚಹಾ ಬಿಸ್ಕತ್ತು ಆಗಿಹೋಗಿತ್ತು. ಅಲ್ಲಿನ ಡಾಕ್ಟರೋ ಹೋದ ಕಡೆ ಕಾಯಿಲೆಯ ದನ ಸಿಗದೆ ಅರ್ಧ ದಿನ ಖಾಲಿ ಕೂತಿರುತ್ತಿದ್ದರು. ನಾನು ಫಾರಂ ತೆರೆದು ನೋಡಿದವಳೇ ನಕ್ಕುಬಿಟ್ಟೆ. ತಾಲೂಕುಗಳನ್ನು ಅಕಾರಾದಿಯಾಗಿ ಜೋಡಿಸಿದ್ದರು. ನಮ್ಮ ಜಿಲ್ಲೆಯಲ್ಲಿ ಸ್ವರದಿಂದ ಶುರುವಾಗುವ ತಾಲೂಕು ಔರಾದ ಒಂದೇ, ಹಾಗಾಗಿ ಅದು ಎಲ್ಲಕ್ಕಿಂತ ಮೇಲೆ, ಫಾರಂ ತೆರೆದ ಕೂಡಲೇ ಕಾಣುವಂತೆ ಕೂತಿತ್ತು. ದನ ನೆಲಕ್ಕೆ ಬಿದ್ದು ಒದ್ದಾಡುವಾಗ ಯಾರಿಗೆ ವ್ಯವಧಾನವಿರುತ್ತದೆ? ಭಾಲ್ಕಿಯವರೂ ಬೀದರಿನವರೂ ಅದನ್ನೂ ಅದರ ಕೆಳಗಿನ ಊರನ್ನೂ ಮುಟ್ಟದೆ ಹಾಗೇ ಮುಂದಕ್ಕೆ ಹೋಗಿದ್ದರು. ಮೇಲೊಂದು ‘ಆರಿಸಿರಿ’ ಎಂಬ ಖಾಲಿ ಸಾಲು ಹಾಕಿದೆ, ಆರಿಸದೆ ಮುಂದೆ ಹೋಗದಂತೆ ಮಾಡಿದೆ. ಒಂದೇ ವಾರದಲ್ಲಿ ಔರಾದಿನ ದನಗಳೆಲ್ಲ ಆರಾಮಾದವು. ಮ್ಯಾನೇಜರು ಎಲ್ಲರೆದುರು ನನ್ನ ಹೆಸರು ಹೇಳಿ ಹೊಗಳಿದರು, ನಾನೂ ಸಂಕೋಚಪಡದೆ ಒಪ್ಪಿಕೊಂಡೆ.

ಹೊಗಳಿಕೆ ಕೈಗೆ ಕತ್ತರಿ ಕೊಡುತ್ತದೆ. ಅಲ್ಲಿಂದ ಮುಂದೆ ನನಗೆ ಪಟ್ಟಿಗಳನ್ನು ಚೊಕ್ಕ ಮಾಡುವ ಹುಚ್ಚು ಹಿಡಿಯಿತು. ಒಂದೇ ಕಾಯಿಲೆ ಮೂರು ಹೆಸರಿನಲ್ಲಿತ್ತು, ಒಂದು ಮಾಡಿದೆ. ಎರಡು ಸಲ ಬಂದಿದ್ದ ಊರುಗಳನ್ನು ಕಿತ್ತೆ. ಹೀಗೆ ಕಳೆ ಕೀಳುತ್ತ ಹೋದವಳಿಗೆ ಊರುಗಳ ಪಟ್ಟಿಯ ಕಟ್ಟಕಡೆಯಲ್ಲಿ, ಪ್ರತಿ ತಾಲೂಕಿನ ಕೆಳಗೂ, ಒಂದು ವಿಚಿತ್ರ ಹೆಸರು ಕಂಡಿತು: ‘ಹೊಲದಾಗ’. ಅಚ್ಚುಕಟ್ಟಾದ ಊರಿನ ಹೆಸರುಗಳ ಸಾಲಿನಲ್ಲಿ, ಚಪ್ಪಲಿ ಬಿಡದೆ ಒಳಗೆ ಬಂದವರ ಹಾಗೆ, ಹೊಲದಾಗ! ಅದೇನು ಊರೇ? ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಬೇರೆ ಕೆಲಸ ಸಿಕ್ಕಿ ಹೋಗಿದ್ದರು, ಯಾಕೆ ಹಾಕಿದ್ದೆಂದು ಎಲ್ಲೂ ಬರೆದಿಟ್ಟಿರಲಿಲ್ಲ. ಆರಿಸಿದವರೂ ನೂರಕ್ಕೊಬ್ಬರು. ಒಂದು ಫೋನು ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಅಳಿಸಿದೆ.

ಯಾವ ದಿನ ಗೊತ್ತೇ? ಎಳ್ಳಮಾವಾಸ್ಯೆಯ ಮರುದಿನ. ನಮ್ಮ ಕಡೆ ಎಳ್ಳಮಾಸಿ ಎಂದರೆ ಊರೆಂಬ ಊರೇ ಎದ್ದು ಹೊಲಕ್ಕೆ ಹೋಗುವ ದಿನ. ಹೊಲವಿದ್ದವರು ಇಲ್ಲದವರನ್ನು ಕರೆಯುತ್ತಾರೆ, ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಕೈಹಿಡಿದು ಕೂರಿಸಿ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆಯ ಕಡುಬು, ಅಂಬಲಿ ಬಡಿಸುತ್ತಾರೆ. ನಾನೂ ಗೆಳತಿಯೊಬ್ಬಳ ಹೊಲದಲ್ಲಿ ಸೊಂಟದ ಸೀರೆ ಬಿಗಿಯಾಗುವಷ್ಟು ಉಂಡು ಬಂದಿದ್ದೆ. ಅವತ್ತು ಯಾರಾದರೂ ಎಲ್ಲಿದ್ದೀ ಎಂದು ಫೋನಿನಲ್ಲಿ ಕೇಳಿದ್ದರೆ ‘ಹೊಲದಾಗ’ ಎಂದೇ ಹೇಳುತ್ತಿದ್ದೆ. ಮರುದಿನ ಅರ್ಧ ಕಚೇರಿ ರಜೆಯಲ್ಲಿತ್ತು, ನನಗೆ ಪುರುಸೊತ್ತಿತ್ತು, ಬಾಯಲ್ಲಿ ಇನ್ನೂ ಭಜ್ಜಿಯ ರುಚಿಯಿತ್ತು. ಅಂಥ ಹೊತ್ತಿನಲ್ಲಿ ನಾನು ಹೊಲವನ್ನು ಪಟ್ಟಿಯಿಂದ ತೆಗೆದುಹಾಕಿದೆ.

ತೊಗರಿಯ ರಾಶಿಯೆಲ್ಲ ಮುಗಿದು ಹೊಲಗಳು ಬಯಲಾದ ಹೊತ್ತಿಗೆ ಕಾಶೀಬಾಯಿ ಎಂಬ ಹೆಸರಿನಲ್ಲಿ ಒಂದು ಅರ್ಜಿ ಬಂತು. ತಾಲೂಕು ಔರಾದ, ಊರು ಅಲ್ಲಿನ ಒಂದು ಸಣ್ಣ ಹಳ್ಳಿ, ಪ್ರಾಣಿ ಕುರಿ, ಕಾಯಿಲೆ ಜ್ವರ ಮತ್ತು ಕೆಮ್ಮು. ಔರಾದಿನ ವ್ಯಾನು ಆ ಹಳ್ಳಿಗೆ ಹೋಯಿತು. ಮನೆಗೆ ಬೀಗ, ಫೋನ್ ಹಚ್ಚಿದರೆ ಸ್ವಿಚ್ ಆಫ್. ಡಾಕ್ಟರು ‘ಅರ್ಜಿದಾರರು ಸ್ಥಳದಲ್ಲಿಲ್ಲ’ ಎಂದು ಬರೆದು ಅರ್ಜಿಯನ್ನು ಮುಚ್ಚಿದರು. ಮರುದಿನ ಅದೇ ಹೆಸರು, ಅದೇ ಊರು, ಅದೇ ಕಾಯಿಲೆ. ವ್ಯಾನು ಮತ್ತೆ ಹೋಯಿತು, ಮತ್ತೆ ಬೀಗ. ಮೂರನೆಯ ದಿನ ಬಂದ ಅರ್ಜಿಯನ್ನು ಔರಾದಿನ ವ್ಯಾನು ಅತ್ತ ಹೊರಡುವ ಮೊದಲೇ, ‘ಪುನರಾವರ್ತಿತ’ ಎಂದು ಗುರುತು ಹಾಕಿ ನಾನೇ ಮುಚ್ಚಿದೆ. ಜನಕ್ಕೆ ಮೊಬೈಲು ಕೈಗೆ ಬಂದದ್ದೇ ಆಟವಾಗಿದೆ ಎಂದು ಪಕ್ಕದ ಮೇಜಿನವರಿಗೆ ಹೇಳಿದ್ದೂ ನೆನಪಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಹೆಂಗಸು ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಐವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಕರಿಯ ಕಂಬಳಿ, ಕಂಬಳಿಯೊಳಗೆ ಒಂದು ಮರಿ. ಮರಿಯ ಮೂಗು ಸೋರುತ್ತಿತ್ತು, ಉಸಿರಿನ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಯಾರನ್ನು ಕಾಣಬೇಕೆಂದು ಕೇಳಿದ್ದಕ್ಕೆ ಆಕೆ ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು. ನಾನು ಕಳಿಸಿದ್ದ ‘ನಿಮ್ಮ ಅರ್ಜಿ ಮುಕ್ತಾಯವಾಗಿದೆ’ ಎಂಬ ಸಂದೇಶ ಅದರಲ್ಲಿತ್ತು.

ಕಾಶೀಬಾಯಿ ಏಳನೆಯ ಇಯತ್ತೆಯವರೆಗೆ ಓದಿದವಳು. ಫಾರಂ ತಾನೇ ತುಂಬಿದ್ದಳು. ಮನೆಯಲ್ಲಿ ಯಾಕಿರಲಿಲ್ಲ, ವ್ಯಾನು ಎರಡು ಸಲ ಬಂದು ಹೋಯಿತಲ್ಲ ಎಂದು ನಾನು ಸ್ವಲ್ಪ ಬಿಗಿಯಾಗಿಯೇ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ಸೋಜಿಗವೆನಿಸಿತು. ಈ ದಿನಗಳಲ್ಲಿ ಕುರಿಯವರು ಮನೆಯಲ್ಲಿರುತ್ತಾರೆಯೇ? ರಾಶಿ ಮುಗಿಯುತ್ತಲೇ ಹಿಂಡು ಹೊಡೆದುಕೊಂಡು ಹೊರಟವರು, ಹೊಲದವರು ಕರೆದ ಕಡೆ ನಾಲ್ಕು ದಿನ, ಎಂಟು ದಿನ ಕುರಿ ನಿಲ್ಲಿಸುತ್ತಾರೆ. ನೆಲಕ್ಕೆ ಗೊಬ್ಬರ, ಇವರಿಗೆ ಜೋಳ. ಮಳೆ ಬೀಳುವವರೆಗೆ ಅದೇ ಬದುಕು. ಈಗ ಕುರಿ ಎಲ್ಲಿವೆ ಎಂದೆ. ಬಗದಲ್ ಎಂದಳು. ನಮ್ಮ ಕಚೇರಿಯಿಂದ ವ್ಯಾನು ಹೊರಟರೆ ಚಹಾ ಆರುವಷ್ಟರಲ್ಲಿ ಮುಟ್ಟುವ ಊರು. ನಾವು ಎರಡು ದಿನ ಅದಕ್ಕೆ ಬೆನ್ನು ಹಾಕಿ ಔರಾದ ಸೀಮೆಯಲ್ಲಿ ಹುಡುಕಿದ್ದೆವು.

ಹಾಗಾದರೆ ಫಾರಮ್ಮಿನಲ್ಲಿ ಬಗದಲ್ ಎಂದು ಯಾಕೆ ಹಾಕಲಿಲ್ಲ ಎಂದು ಕೇಳಿದೆ.

“ನಿಮ್ಮೂರು ಯಾವುದಂತ ಕೇಳ್ತಾದಲ್ರಿ ಅದು. ನಮ್ಮೂರು ಹೇಳೀನಿ. ಕುರಿ ಎಲ್ಲಿ ಅವ ಅಂತ ಯಾರೂ ಕೇಳಲಿಲ್ರಿ.”

ನಮ್ಮಲ್ಲಿ ಯಾವ ಊರು ಎಂದು ಕೇಳಿದರೆ ಯಾರು ತಾನು ನಿಂತ ಜಾಗ ಹೇಳುತ್ತಾರೆ? ಮೂವತ್ತು ವರ್ಷ ಬೀದರಿನಲ್ಲಿ ಬಾಡಿಗೆಗಿದ್ದವನೂ ಅಜ್ಜನ ಊರನ್ನೇ ಹೇಳುತ್ತಾನೆ, ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ದುಡಿದು ಅಲ್ಲೇ ಮನೆ ಕಟ್ಟಿದವನೂ ಹಾಗೆಯೇ. ಊರು ಎಂದರೆ ನಾವು ಇರುವ ಜಾಗವಲ್ಲ, ನಾವು ಯಾರವರು ಎಂಬುದಕ್ಕೆ ಉತ್ತರ. ಹುಟ್ಟಿದಾಗಿನಿಂದ ಈ ಮಾತನ್ನು ಆಡಿಕೊಂಡು ಬಂದ ನಾನು, ಫಾರಮ್ಮಿನ ಮುಂದೆ ಕೂತಾಗ ಮಾತ್ರ ಬೇರೆ ದೇಶದವಳಾಗಿಬಿಟ್ಟಿದ್ದೆ.

ಕಾಶೀಬಾಯಿಯ ಮಾತು ಅಲ್ಲಿಗೇ ಮುಗಿದಿರಲಿಲ್ಲ. ಮರಿಯನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿಕೊಂಡು, ಬೈಗುಳದ ಸುಳಿವೂ ಇಲ್ಲದ ದನಿಯಲ್ಲಿ ಹೇಳಿದಳು: “ಹೋದ ವರ್ಷ ಕೊನೀಗಿ ‘ಹೊಲದಾಗ’ ಅಂತ ಒಂದಿತ್ರಿ. ಅದು ಒತ್ತಿದ್ರ ನಿಮ್ಮ ಗಾಡಿಯವರೇ ಫೋನ್ ಹಚ್ಚಿ ಯಾರ ಹೊಲದಾಗ ಅಂತ ಕೇಳ್ತಿದ್ರು, ಸಂಜಿಕ ಡಾಕ್ಟರ್ ಬರ್ತಿದ್ರು. ಈಸಲ ಭಾಳ ಹುಡುಕೀನ್ರಿ. ಸಿಗಲಿಲ್ಲ.”

ಎಷ್ಟು ಕುರಿ ಹೋದವು ಎಂದು ಕೇಳಿದೆ. ಐದು ಎಂದಳು. ಮೊದಲನೆಯ ಅರ್ಜಿ ಹಾಕಿದ ದಿನ ಒಂದೂ ಹೋಗಿರಲಿಲ್ಲವಂತೆ. ಹಿಂಡಿನ ಮುಂದೆ ನಡೆಯುತ್ತಿದ್ದ ಗಂಟೆಯ ಕುರಿ ನಿನ್ನೆ ಮಧ್ಯಾಹ್ನ, ನಾನು ಮೂರನೆಯ ಅರ್ಜಿಯನ್ನು ಮುಚ್ಚಿದ ಹೊತ್ತಿಗೇ, ಹೋಯಿತು. ಅದರ ಕೊರಳಿನ ಗಂಟೆ ಆಕೆಯ ಸೊಂಟದ ಚೀಲದಲ್ಲಿತ್ತು. ಆಕೆ ಮಗ್ಗುಲು ಬದಲಿಸಿದಾಗ ಒಮ್ಮೆ ಸಣ್ಣಗೆ ಸದ್ದಾಯಿತು.

ಗೆಳೆಯರೇ, ನಾನು ತಪ್ಪು ಒಪ್ಪಿಕೊಳ್ಳುವುದರಲ್ಲಿ ಅಂಥ ಚುರುಕಿನವಳಲ್ಲ. ಸಿಸ್ಟಮ್ಮಿನಲ್ಲಿ ಏನೋ ದೋಷವಾಗಿತ್ತು ಎಂದು ಹೇಳಿಬಿಡಬಹುದಿತ್ತು. ನಮ್ಮ ಕಾಲದಲ್ಲಿ ಎಲ್ಲರೂ ಆ ಮಾತಿಗೆ ತಲೆಯಾಡಿಸುತ್ತಾರೆ, ಸಿಸ್ಟಮ್ಮೂ ತಿರುಗಿ ಮಾತಾಡುವುದಿಲ್ಲ. ಆದರೆ ಆ ಮರಿ ನನ್ನನ್ನೇ ನೋಡುತ್ತ ಉಸಿರಿಗೆ ಒದ್ದಾಡುತ್ತಿತ್ತು. ಆ ಸಾಲನ್ನು ಅಳಿಸಿದವಳು ನಾನೇ ಎಂದು ಹೇಳಿದೆ. ಊರಿನ ಹೆಸರಲ್ಲವೆಂದು ತೆಗೆದೆ, ಯಾರನ್ನೂ ಕೇಳಲಿಲ್ಲ ಎಂದೂ ಹೇಳಿದೆ. “ನೀವೇ ಅಳಸಿದ್ರೇನ್ರಿ” ಎಂದವಳು, ಆಮೇಲೆ, “ಹಂಗಾರ ತಿರುಗಿ ಬರೆಯೋದೂ ನಿಮಗೇ ಗೊತ್ತಿರಬೇಕಲ್ರಿ” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಕೆಲಸ ಹೇಳಿದಳು.

ಬೀದರಿನ ವ್ಯಾನಿನ ಡಾಕ್ಟರು ಸಂಗಮೇಶ ಆಗಷ್ಟೇ ಒಂದು ಎಮ್ಮೆ ನೋಡಿ ಬಂದು ಕೈ ತೊಳೆಯುತ್ತಿದ್ದರು. ಅರ್ಜಿ ಔರಾದಿನ ಹೆಸರಿನಲ್ಲಿರುವುದರಿಂದ ಬೀದರಿನ ವ್ಯಾನು ಹೋಗಲು ಫಾರಂ ಒಪ್ಪುವುದಿಲ್ಲವಲ್ಲ ಎಂದು ಅವರು ಅನುಮಾನಿಸಿದರು. ಫಾರಮ್ಮಿಗೆ ನಾನು ಆಮೇಲೆ ಉತ್ತರ ಹೇಳುತ್ತೇನೆ, ನೀವು ಗಾಡಿ ತೆಗೆಯಿರಿ ಎಂದೆ. ಮರಿಗೆ ಅಲ್ಲೇ ಸೂಜಿ ಮಾಡಿದರು. ದಾರಿ ತೋರಿಸಲು ಕಾಶೀಬಾಯಿ ಮುಂದೆ ಕೂತಳು. ನನ್ನ ಕೆಲಸವಲ್ಲದಿದ್ದರೂ ನಾನು ಮರಿಯನ್ನು ಎತ್ತಿಕೊಂಡು ಹಿಂದೆ ಹತ್ತಿ, ಔಷಧದ ಪೆಟ್ಟಿಗೆಗಳ ನಡುವೆ ಕೂತೆ. ನಾಲ್ಕು ವರ್ಷದಿಂದ ಈ ಕಚೇರಿಯಲ್ಲಿದ್ದು, ನಮ್ಮ ವ್ಯಾನು ಹತ್ತಿದ್ದು ಅವತ್ತೇ ಮೊದಲು.

ಬಗದಲ್ ಊರೊಳಗೆ ಹೋಗಿದ್ದರೂ ನಮಗೆ ಹಿಂಡು ಸಿಗುತ್ತಿರಲಿಲ್ಲ. ಊರು ಬಿಟ್ಟು ಎಡಕ್ಕೆ ತಿರುಗಿ, ಕೆಮ್ಮಣ್ಣಿನ ದಾರಿ ಹಿಡಿದು, ನಸೀರಸಾಬರ ಹೊಲ ಎಂದು ಇಬ್ಬರನ್ನು ಕೇಳಿದೆವು. ಇಬ್ಬರೂ ಕ್ಷಣವೂ ಯೋಚಿಸದೆ ಕೈ ತೋರಿದರು. ಕುರಿಯವರ ವಿಳಾಸ ಇಷ್ಟೇ: ಯಾರ ಹೊಲ, ಯಾವ ಗಿಡದ ಬಾಜೂಕೆ. ಆ ಸೀಮೆಯಲ್ಲಿ ಅದು ಗೊತ್ತಿಲ್ಲದವರಿಲ್ಲ, ಯಾಕೆಂದರೆ ಈ ಹೊಲ ಮುಗಿದ ಮೇಲೆ ಕುರಿ ತನ್ನ ಹೊಲಕ್ಕೆ ಬರಲೆಂದು ಪ್ರತಿಯೊಬ್ಬನೂ ಕಾಯುತ್ತಿರುತ್ತಾನೆ. ಇಷ್ಟು ಖಚಿತವಾದ ವಿಳಾಸವನ್ನು ನಾನು ಕಸವೆಂದು ಗುಡಿಸಿದ್ದೆ.

ಹುಣಸೆ ಗಿಡದ ನೆರಳಿನಲ್ಲಿ ಕುರಿಗಳ ಸುತ್ತ ಬಲೆ ಕಟ್ಟಿದ್ದರು. ಕಾಶೀಬಾಯಿಯ ಗಂಡ ಕಾಯಿಲೆಯ ಕುರಿಗಳನ್ನು ಬೇರೆ ಮಾಡಿ ನಿಲ್ಲಿಸಿದ್ದ, ಒಂದೊಂದನ್ನೇ ಹಿಡಿದು ಕೊಟ್ಟ. ಡಾಕ್ಟರು ಮಧ್ಯಾಹ್ನ ಉಣ್ಣದೆ ಸಂಜೆಯವರೆಗೂ ಸೂಜಿ ಮಾಡಿದರು. ನಾನು ಸೂಜಿಯಾದ ಕುರಿಯ ಬೆನ್ನಿಗೆ ನೀಲಿ ಬಣ್ಣದ ಗುರುತು ಹಾಕುತ್ತ ಹೋದೆ. ಎಷ್ಟೋ ಸಾವಿರ ಸಲ ‘ಕುರಿ’ ಎಂಬ ಆಯ್ಕೆಯನ್ನು ಪಟ್ಟಿಯಲ್ಲಿ ಮೇಲೆ ಕೆಳಗೆ ಮಾಡಿದವಳು ಅವತ್ತು ಕುರಿಯ ಮೈ ಎಷ್ಟು ಬಿಸಿಯಿರುತ್ತದೆಂದು ತಿಳಿದುಕೊಂಡೆ.

ಕೆಲಸ ಮುಗಿದು ಕಾಶೀಬಾಯಿ ಚಹಾ ಕೊಟ್ಟಳು. ಗಂಟೆ ಅವಳ ಚೀಲದಲ್ಲೇ ಇತ್ತು. ಇನ್ನು ಅದನ್ನು ಯಾವ ಕುರಿಗೆ ಕಟ್ಟಲು ಆರಿಸಿದ್ದೀ ಅಕ್ಕಾ ಎಂದು ಕೇಳಿದೆ. ನನ್ನ ಕಸುಬಿನವರ ಬಾಯಲ್ಲಿ ಬೇರೆ ಕ್ರಿಯಾಪದ ಬರುವುದಿಲ್ಲ ನೋಡಿ. ಆಕೆ ಮೊದಲ ಸಲ ನಕ್ಕಳು.

“ನಾ ಆರಿಸೋದಲ್ರಿ ಅದು. ಆರಾಮಾದ ಮ್ಯಾಲ ಬಿಟ್ಟು ನೋಡೋದು. ಯಾವುದು ತಾನಾಗೇ ಮುಂದ ನಡೀತದ, ಗಂಟಿ ಅದಕ್ಕ.”

ಬಸ್ಸಿನಲ್ಲಿ ಭಾಲ್ಕಿಗೆ ಮರಳುವಾಗ ಈ ಮಾತು ನನ್ನ ಜೊತೆಗೇ ಬಂತು. ನಾನು ಗಂಟೆ ಕಟ್ಟಿ ಆಮೇಲೆ ಇದರ ಹಿಂದೆ ನಡೆಯಿರಿ ಎನ್ನುವ ಪೈಕಿ. ಪಟ್ಟಿ ಮಾಡುವವರ ಸೊಕ್ಕೇ ಅದು: ಜಗತ್ತು ನಮ್ಮ ಸಾಲುಗಳಲ್ಲಿ ಬಂದು ಕೂರಬೇಕು, ಕೂರದಿದ್ದದ್ದು ‘ಇತರೆ’. ಈ ಇತರೆ ಎಂಬ ಪದವನ್ನು ನಾನು ಎಷ್ಟು ಉದಾರವಾಗಿ ಬಳಸಿದ್ದೇನೆಂದರೆ, ಅದರೊಳಗೆ ಒಂದು ಜಿಲ್ಲೆಯ ಅರ್ಧ ಬದುಕು ಕೂತಿರಬಹುದು. ಜನ ಮೊದಲು ನಡೆದಿರುತ್ತಾರೆ, ದಾರಿ ಆಮೇಲೆ ಬಿದ್ದಿರುತ್ತದೆ, ಅದನ್ನು ನೋಡಿ ಪಟ್ಟಿ ಬರೆಯಬೇಕು. ನನಗಿಂತ ಮೊದಲಿದ್ದವರು ಅದನ್ನೇ ಮಾಡಿದ್ದರು. ಯಾರೋ ಕುರಿಯವಳು ಫೋನಿನಲ್ಲಿ ‘ಹೊಲದಾಗ ಅದೀನ್ರಿ’ ಎಂದಿರಬೇಕು, ಅವರು ಕೇಳಿದ ಹಾಗೆಯೇ ಬರೆದುಕೊಂಡಿರಬೇಕು.

ಮರುದಿನ ಕಚೇರಿಗೆ ಹೋದವಳೇ ಆ ಸಾಲನ್ನು ಮತ್ತೆ ಬರೆದೆ. ಆಮೇಲೆ ಹಳೆಯ ಅರ್ಜಿಗಳನ್ನು ತೆರೆದು ನೋಡಿದೆ. ನನ್ನ ಕಸುಬಿನ ಒಂದು ಕಹಿ ನಿಯಮವನ್ನು ನಿಮಗೆ ಹೇಳಬೇಕು: ಪಟ್ಟಿಯಿಂದ ಒಂದು ಆಯ್ಕೆಯನ್ನು ಮರೆಮಾಡಿದರೆ ಹಿಂದೆ ಅದನ್ನು ಆರಿಸಿದವರ ಅರ್ಜಿಗಳಲ್ಲಿ ಅದು ಉಳಿಯುತ್ತದೆ, ಅಳಿಸಿದರೆ ಅಲ್ಲಿಂದಲೂ ಹೋಗುತ್ತದೆ. ಅಳಿಸಿದ್ದನ್ನು ಅದೇ ಹೆಸರಿನಲ್ಲಿ ಮತ್ತೆ ಬರೆದರೂ ಯಂತ್ರದ ಲೆಕ್ಕಕ್ಕೆ ಅದು ಬೇರೆಯೇ. ಹಿಂದಿನ ವರ್ಷಗಳ ಅರ್ಜಿಗಳಲ್ಲಿ, ಹಿಂಡುಗಳು ನಿಂತಿದ್ದ ಜಾಗದಲ್ಲಿ, ಊರು ಎಂಬ ಚೌಕ ಖಾಲಿಯಿತ್ತು. ಕಾಶೀಬಾಯಿಯ ಹೋದ ವರ್ಷದ ಮೂರು ಅರ್ಜಿಗಳೂ ಅದರಲ್ಲಿದ್ದವು. ಅಷ್ಟು ಖಾಲಿಗಳನ್ನು ನಾನು ಒಂದೇ ಬೆರಳಿನಲ್ಲಿ ಮಾಡಿದ್ದೆ, ತುಂಬಲು ಹತ್ತು ಬೆರಳೂ ಸಾಲಲಿಲ್ಲ. ಕೂತು ಒಬ್ಬೊಬ್ಬರಿಗೇ ಫೋನ್ ಹಚ್ಚಿ, ಯಾರ ಹೊಲದಲ್ಲಿದ್ದಿರಿ ಎಂದು ಕೇಳಿ, ಕೈಯಿಂದ ಬರೆದೆ. ನೆನಪಿಲ್ಲ ಎಂದವರು ಒಬ್ಬರೂ ಇಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಊರು ಎಂಬ ಪ್ರಶ್ನೆಯನ್ನೇ ತೆಗೆದು ‘ಪ್ರಾಣಿ ಈಗ ಎಲ್ಲಿದೆ’ ಎಂದು ಮಾಡಿದೆ. ‘ಹೊಲದಾಗ’ ಎಂದು ಆರಿಸಿದರೆ ಕೆಳಗೆ ಒಂದು ಬರಿಯ ಚೌಕ ತೆರೆಯುತ್ತದೆ, ಬಾಣವಿಲ್ಲ, ಪಟ್ಟಿಯಿಲ್ಲ: ‘ಯಾರ ಹೊಲ? ಹತ್ತಿರದ ಊರು ಯಾವುದು?’ ಏನು ಬೇಕಾದರೂ ಬರೆಯಬಹುದು. ನನ್ನಂಥವಳು ಒಂದು ಚೌಕವನ್ನು ಹಾಗೆ ತೆರೆದುಬಿಡುವುದೆಂದರೆ, ಲೆಕ್ಕದ ಮೇಷ್ಟರು ಪರೀಕ್ಷೆಯಲ್ಲಿ ಪ್ರಬಂಧ ಬರೆಯಲು ಹೇಳಿದಂತೆ. ಮ್ಯಾನೇಜರು ಕರೆಸಿದರು. ಒಬ್ಬೊಬ್ಬರು ಒಂದೊಂದು ತರಹ ಬರೆದರೆ ವರದಿಯಲ್ಲಿ ಎಣಿಸಲು ಬರುವುದಿಲ್ಲವಲ್ಲ ಎಂಬುದು ಅವರ ಚಿಂತೆ. ನಾನು ಅಳಿಸಿದ ಸಾಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಐದು ಕುರಿಗಳನ್ನೂ ಸೇರಿಸಿ, ಅವರ ಮುಂದೆ ಇಟ್ಟೆ. “ಎಣಸಾಕ ಬರದಿದ್ರ ಬಿಡ್ಲಿ ಸರ್, ಹೋಗಿ ಮುಟ್ಟಾಕ ಬಂದ್ರ ಸಾಕು” ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಇರಲಿ ಎಂದರು. ನನ್ನ ತಪ್ಪಿಗೆ ಒಂದು ಎಚ್ಚರಿಕೆಯ ಕಾಗದವನ್ನೂ ಕೊಟ್ಟರು. ಕೊಡಬೇಕಾದದ್ದೇ, ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ.

ಈಗಲೂ ನಾನು ಪಟ್ಟಿ ಮಾಡುತ್ತೇನೆ, ಈಗಲೂ ಅದರಲ್ಲಿ ನಿಪುಣಳೇ; ಒಂದು ತಪ್ಪು ಮಾಡಿದ್ದಕ್ಕೆ ಕಸುಬನ್ನೇ ಬೈದುಕೊಂಡು ಕೂರುವ ಜಾತಿಯವಳಲ್ಲ ನಾನು. ಆಯ್ಕೆಗಳಿಲ್ಲದ ಜಗತ್ತು ನಮ್ಮ ಯಜಮಾನರ ‘ಏನರೆ ಮಾಡು’ವಿನ ಜಗತ್ತು, ಅಲ್ಲಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಅಳಿಸುವ ಮುಂಚೆ ಫೋನು ಎತ್ತುತ್ತೇನೆ. ಯಾರೂ ಮುಟ್ಟದ ಸಾಲು ಕಂಡರೆ ಇದು ಯಾರಿಗೂ ಬೇಡ ಎನ್ನುವ ಬದಲು ಇದರವರು ಇನ್ನೂ ಬಂದಿಲ್ಲ ಎಂದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಆ ವಾರದ ರವಿವಾರ ನಾನು ಪಡಸಾಲೆಯ ಗೋಡೆಯ ಮುಂದೆ ಸುತ್ತಿಗೆ ಹಿಡಿದು ನಿಂತೆ. ಕಿತ್ತ ಗೂಟವನ್ನು ಅವ್ವ ಒಲೆಗೆ ಹಾಕದೆ ಅಟ್ಟದ ಮೇಲೆ ಎತ್ತಿಟ್ಟಿದ್ದಳು. ಪುಟ್ಟಿ ಕೆದರಿ ತೆಗೆದರೆ ತೂತು ಮೊದಲಿಗಿಂತ ಅಗಲವಾಗಿತ್ತು. ಅಪ್ಪ ಹೊಡೆದ ಗೂಟ ಅಪ್ಪ ಹೊಡೆದ ತೂತಿನಲ್ಲೇ ಅಲ್ಲಾಡಿತು. ಕಟ್ಟಿಗೆಯ ಚೂರು ತುರುಕಿ, ಎರಡು ಸಲ ಕೈಗೆ ಹೊಡೆದುಕೊಂಡು, ಅಂತೂ ನಿಲ್ಲಿಸಿದೆ. ಸ್ವಲ್ಪ ಸೊಟ್ಟ ನಿಂತಿದೆ. ಸುತ್ತಲಿನ ಬಣ್ಣ ಕಿತ್ತುಹೋಗಿದೆ, ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅವ್ವ ಬಂದು ನೋಡಿ ಏನನ್ನೂ ಕೇಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಟೀಚರುಗಳು ಪಾಠ ಮಾಡುವುದಿಲ್ಲ.

ಮುಂಗಾರು ಹತ್ತಿರವಾದಾಗ, ಕುರಿಯವರು ತಂತಮ್ಮ ಊರುಗಳ ಕಡೆ ಮುಖ ಮಾಡುವ ದಿನಗಳಲ್ಲಿ, ಒಂದು ಬೆಳಿಗ್ಗೆ ಕಾಶೀಬಾಯಿಯ ಹೆಸರಿನ ಅರ್ಜಿ ನನ್ನ ಪರದೆಯ ಮೇಲೆ ಮೂಡಿತು. ತಾಲೂಕು ಭಾಲ್ಕಿ. ಪ್ರಾಣಿ ಈಗ ಎಲ್ಲಿದೆ: ಹೊಲದಾಗ. ಕಾಯಿಲೆ: ಇತರೆ. ಭಾಲ್ಕಿಯ ವ್ಯಾನಿಗೆ ಫೋನ್ ಮಾಡಲು ಕೈ ಹೋಗಿತ್ತು, ಅಷ್ಟರಲ್ಲಿ ಕೆಳಗಿನ ಬರಿಯ ಚೌಕ ಓದಿದ್ದರಿಂದ ನಿಂತಿತು. ಯಾರ ಹೊಲವೆಂದು ಬರೆದು, ಅದರ ಮುಂದೆಯೇ ಆಕೆ ಬರೆದಿದ್ದಳು: ‘ಎಲ್ಲ ಆರಾಮ ಅವ. ನೀವು ಎತ್ತಿಕೊಂಡು ನೋಡಿದ್ರಲ್ಲ ಆ ಮರಿ ಮುಂದ ನಡೀಲಕತ್ತದ. ಗಂಟಿ ಕಟ್ಟೀನಿ.’

ನಿಯಮದ ಪ್ರಕಾರ ಅದನ್ನು ‘ಸೇವೆ ಅಗತ್ಯವಿಲ್ಲ’ ಎಂದು ಆರಿಸಿ ಮುಚ್ಚಬೇಕು. ಇನ್ನೂ ಮುಚ್ಚಿಲ್ಲ. ಅವತ್ತು ಸಂಜೆ ಮನೆಗೆ ಬಂದು ಬ್ಯಾಗನ್ನು ನಾಲ್ಕನೆಯ ಗೂಟಕ್ಕೆ ಹಾಕುವಾಗ ಏಳನೆಯದರ ಕಡೆ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಯಾರಾದರೂ ಬಂದರೆ ಬೇಕಾಗುತ್ತದೆ.